ಕೈಗವಸು ಮೊದಲೋ, ದಾಂಡು ಮೊದಲೋ?

ಕಳೆದ ಭಾನುವಾರ ಬೆಳಿಗ್ಗೆ ತೆಕ್ಕಟ್ಟೆಯ ಹೆದ್ದಾರಿ ಬದಿಯ ಹೋಟೆಲೊಂದರಲ್ಲಿ ಕಾಫಿಗೆಂದು ಕುಳಿತಿದ್ದೆ. ಪಕ್ಕದ ಮೇಜಿನ ಸುತ್ತ ನಾಲ್ವರು ತರುಣರು ಕೂಡಿ, ಜಗತ್ತಿನ ಶ್ರೇಷ್ಠ ವಿಕೆಟ್‌ಕೀಪರುಗಳು ಯಾರು ಯಾರೆಂದು ಪಟ್ಟಿ ಮಾಡುತ್ತಿದ್ದರು. ಮೊದಲನೆಯ ಸ್ಥಾನ ಗಿಲ್‌ಕ್ರಿಸ್ಟನಿಗೆ, ಎರಡನೆಯದು ಧೋನಿಗೆ, ಮೂರನೆಯದು ಸಂಗಕ್ಕಾರನಿಗೆ ಎಂಬಲ್ಲಿಯವರೆಗೆ ಒಮ್ಮತ ಏರ್ಪಟ್ಟಿತ್ತು. ಗಲ್ಲಾದಲ್ಲಿ ಕುಳಿತಿದ್ದ ಹಿರಿಯರು ಚಿಲ್ಲರೆ ಎಣಿಸುತ್ತಲೇ, "ಕಿರ್ಮಾನಿಯನ್ನು ಎಲ್ಲಿ ಬಿಟ್ರಿ ಮಾರಾಯ್ರೆ?" ಎಂದರು. ತರುಣರಲ್ಲೊಬ್ಬ ಒಡನೆಯೇ, "ಕಿರ್ಮಾನಿ ಎಷ್ಟ್ ರನ್ ಹೊಡ್ದಿರ್ ಹೇಳಿ, ಕಾಂಬ" ಎಂದ. ಹಿರಿಯರು ಸುಮ್ಮನಾದರು. ಪಟ್ಟಿ ಮುಂದುವರಿಯಿತು.

ಆ ಮರುಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಚೆಂಡು ಹಿಡಿಯುವವನ ಹಿರಿಮೆಯನ್ನು ಕುರಿತು ಮಾತು ಬಂದಾಗ ಅವನು ಚೆಂಡು ಹೊಡೆದ ಲೆಕ್ಕವನ್ನು ಕೇಳುವುದು ನಮಗೆ ಇಂದು ಎಷ್ಟು ಸಹಜವಾಗಿಬಿಟ್ಟಿದೆ ಎಂದರೆ, ಅದರಲ್ಲಿ ಏನಾದರೂ ವಿಚಿತ್ರವಿದೆ ಎಂದು ಕೇಳಿದವನಿಗಾಗಲಿ, ಉತ್ತರಿಸಲಾರದೆ ಸುಮ್ಮನಾದವರಿಗಾಗಲಿ ಅನಿಸಲಿಲ್ಲ. ಕಾವ್ಯ ಪಾಠ ಹೇಳಿ ಬದುಕುವವನಿಗೆ ಈ ಉಸಾಬರಿ ಏಕೆ ಎಂದು ವಾಚಕರು ಕೇಳಬಹುದು. ಆದರೆ ಕವಿಗಳಲ್ಲಿ ತರತಮವನ್ನು ಎಣಿಸುವುದು ನಮ್ಮ ವೃತ್ತಿಯ ಹಳೆಯ ಚಟ. ಯಾವುದನ್ನು ಅಳೆಯಬೇಕೋ ಅದನ್ನು ಬಿಟ್ಟು, ಅಳೆಯಲು ಸುಲಭವಾದುದನ್ನು ಅಳೆದು ತೃಪ್ತರಾಗುವ ದೋಷ ಸಾಹಿತ್ಯ ವಿಮರ್ಶೆಯಲ್ಲೂ ಉಂಟು, ಕ್ರಿಕೆಟ್ಟಿನಲ್ಲೂ ಉಂಟು.

ವಿಕೆಟ್‌ಕೀಪರನ ಕೆಲಸವೆಂದರೇನು ಎಂಬುದನ್ನು ಮೊದಲು ನೋಡೋಣ. ವೇಗದ ಬೌಲರಿಗೆ ಅವನು ಹಿಂದೆ ಸರಿದು ನಿಲ್ಲುತ್ತಾನೆ. ಅಲ್ಲಿ ಬೇಕಾದದ್ದು ಚುರುಕಾದ ಕಾಲು, ಪಕ್ಕಕ್ಕೆ ಹಾರುವ ಧೈರ್ಯ, ಗಟ್ಟಿಯಾದ ಕೈ. ಒಳ್ಳೆಯ ಕ್ಷೇತ್ರರಕ್ಷಕನಾದವನು ಅಭ್ಯಾಸದಿಂದ ಇಷ್ಟನ್ನು ಸಾಧಿಸಬಲ್ಲ. ನಿಜವಾದ ಪರೀಕ್ಷೆ ಇರುವುದು ಸ್ಪಿನ್ ಬೌಲರಿಗೆ ಗೂಟಗಳನ್ನು ಒತ್ತಿ ನಿಂತಾಗ. ಚೆಂಡಿಗೂ ಅವನ ಕಣ್ಣಿಗೂ ನಡುವೆ ದಾಂಡಿಗನ ಮೈ ಅಡ್ಡವಿರುತ್ತದೆ, ದಾಂಡು ಬೀಸುತ್ತಿರುತ್ತದೆ. ಚೆಂಡು ನೆಲಕ್ಕೆ ತಾಗಿ ಯಾವ ಕಡೆಗೆ ತಿರುಗುವುದೆಂಬುದನ್ನು ಬೌಲರನ ಮಣಿಕಟ್ಟಿನಿಂದಲೇ ಓದಿಕೊಳ್ಳಬೇಕು. ಚೆಂಡು ಏಳುವವರೆಗೆ ತಾನು ಏಳಬಾರದು. ದಾಂಡು ತಪ್ಪಿದ ಆ ಅರೆಕ್ಷಣದಲ್ಲಿ ಕೈ ಚೆಂಡಿನೊಡನೆ ಹಿಂದಕ್ಕೆ ಸರಿದು, ಮತ್ತೆ ಮುಂದಕ್ಕೆ ಬಂದು ಗೂಟವನ್ನು ಮುಟ್ಟಬೇಕು. ದಿನಕ್ಕೆ ತೊಂಬತ್ತು ಓವರು ಎಂದರೆ ಐನೂರ ನಲವತ್ತು ಸಲ ಅವನು ಕುಳಿತು ಏಳುತ್ತಾನೆ. ಅದರಲ್ಲಿ ಐನೂರ ಮೂವತ್ತೈದು ಸಲ ಏನೂ ನಡೆಯುವುದಿಲ್ಲ. ಉಳಿದ ಐದು ಸಲಕ್ಕಾಗಿ ಅಷ್ಟೂ ಸಲ ಸಿದ್ಧನಾಗಿರಬೇಕು. ಇಂತಹ ಕೆಲಸವನ್ನು ಚೆನ್ನಾಗಿ ಮಾಡಿದವನನ್ನು ಯಾರೂ ಗಮನಿಸುವುದಿಲ್ಲ. ಕೆಡಿಸಿದವನನ್ನು ಎಲ್ಲರೂ ಗಮನಿಸುತ್ತಾರೆ.

ಈ ಅಳತೆಗೋಲನ್ನು ಹಿಡಿದು ನೋಡಿದರೆ ನಮ್ಮ ಸೈಯದ್ ಕಿರ್ಮಾನಿಯವರ ಸ್ಥಾನ ಸ್ಪಷ್ಟವಾಗುತ್ತದೆ. ಮದ್ರಾಸಿನಲ್ಲಿ 1949ರಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ ಅವರು 1971 ಮತ್ತು 1974ರ ಇಂಗ್ಲೆಂಡ್ ಪ್ರವಾಸಗಳಲ್ಲಿ ಫರೂಕ್ ಎಂಜಿನಿಯರರ ನೆರಳಿನಲ್ಲಿ ಕಾದಿದ್ದು, 1976ರ ಜನವರಿಯಲ್ಲಿ ಆಕ್ಲೆಂಡಿನಲ್ಲಿ ಮೊದಲ ಟೆಸ್ಟು ಆಡಿದರು. ಎರಡನೆಯ ಟೆಸ್ಟಿನಲ್ಲೇ ಒಂದು ಇನ್ನಿಂಗ್ಸಿನಲ್ಲಿ ಆರು ಮಂದಿಯನ್ನು ಔಟು ಮಾಡಿ ಅಂದಿನ ವಿಶ್ವದಾಖಲೆಯನ್ನು ಸರಿಗಟ್ಟಿದರು. ಒಟ್ಟು 88 ಟೆಸ್ಟುಗಳಲ್ಲಿ 160 ಕ್ಯಾಚು, 38 ಸ್ಟಂಪಿಂಗು. ಆದರೆ ಈ ಅಂಕಿಗಳಿಗಿಂತ ಮುಖ್ಯವಾದದ್ದು ಅವರು ಯಾರ ಚೆಂಡಿಗೆ ಕೈಯೊಡ್ಡಿದರು ಎಂಬುದು. ಬಾಲ್ಯದಲ್ಲಿ ಪೋಲಿಯೋ ತಗುಲಿ ತೆಳ್ಳಗಾದ ಬಲಗೈಯಿಂದ ಬಿ.ಎಸ್. ಚಂದ್ರಶೇಖರ್ ಎಸೆಯುತ್ತಿದ್ದ ಗೂಗ್ಲಿ, ಮಧ್ಯಮ ವೇಗದ ಬೌಲರನ ಚೆಂಡಿನಷ್ಟೇ ಜೋರಾಗಿ ಬರುತ್ತಿತ್ತು. 58 ಟೆಸ್ಟುಗಳಲ್ಲಿ 242 ವಿಕೆಟು ಕಿತ್ತ ಆ ಬೌಲರನಿಗೆ ತನ್ನ ಚೆಂಡು ಎತ್ತ ಹೋಗುವುದೆಂದು ತನಗೇ ತಿಳಿಯದು ಎಂದು ಜನ ವಿನೋದವಾಗಿ ಹೇಳುತ್ತಿದ್ದುದುಂಟು. ಅವನಿಗೆ ತಿಳಿಯದಿದ್ದರೂ ಕಿರ್ಮಾನಿಗೆ ತಿಳಿಯಲೇಬೇಕಾಗಿತ್ತು. ಇನ್ನೊಂದು ತುದಿಯಿಂದ ಚೆಂಡನ್ನು ಗಾಳಿಯಲ್ಲಿ ತೇಲಿಬಿಡುವ ಎರಪಳ್ಳಿ ಪ್ರಸನ್ನ. ಆಮೇಲೆ ಬೇಡಿ, ವೆಂಕಟರಾಘವನ್. ಒಂದೇ ಕಾಲದಲ್ಲಿ ಇಂತಹ ನಾಲ್ವರಿಗೆ ಕೀಪಿಂಗ್ ಮಾಡಬೇಕಾದ ಭಾಗ್ಯವೂ ಕಷ್ಟವೂ ಜಗತ್ತಿನಲ್ಲಿ ಹೆಚ್ಚು ಮಂದಿಗೆ ಬಂದಿಲ್ಲ. 1981–82ರಲ್ಲಿ ಇಂಗ್ಲೆಂಡ್ ತಂಡ ಭಾರತಕ್ಕೆ ಬಂದಿದ್ದಾಗ, ಸತತ ಮೂರು ಟೆಸ್ಟುಗಳಲ್ಲಿ ಇಂಗ್ಲೆಂಡಿನವರು 1964 ರನ್ನು ಹೊಡೆಯುವಷ್ಟು ಹೊತ್ತು, ಕಿರ್ಮಾನಿ ಒಂದೇ ಒಂದು ಬೈಯನ್ನೂ ಬಿಡಲಿಲ್ಲ. ಹೋಟೆಲಿನ ತರುಣನಿಗೆ ಹೇಳಬೇಕಾಗಿದ್ದ ಉತ್ತರ ಇದು: ಅವರು ಎಷ್ಟು ಹೊಡೆದರೆಂದು ಆಮೇಲೆ ನೋಡೋಣ, ಮೊದಲು ಅವರು ಎಷ್ಟನ್ನು ಬಿಡಲಿಲ್ಲವೆಂದು ನೋಡು.

ಹೀಗೆ ಹೇಳಿ ಮುಗಿಸಿಬಿಟ್ಟರೆ ವಾದ ಸುಲಭ. ಆದರೆ ನಮ್ಮ ಕರಾವಳಿಯವನಾದ ನನಗೆ ಇಲ್ಲೊಂದು ಧರ್ಮಸಂಕಟವಿದೆ. ಅದರ ಹೆಸರು ಬುಧಿ ಕುಂದರನ್.

ಬುಧಿಸಾಗರ ಕುಂದರನ್ 1939ರಲ್ಲಿ ಹುಟ್ಟಿದ್ದು ಮುಲ್ಕಿಯಲ್ಲಿ. ಇಲ್ಲಿಂದ ಅದೇ ಹೆದ್ದಾರಿ ಹಿಡಿದು ಉಡುಪಿ ದಾಟಿ ದಕ್ಷಿಣಕ್ಕೆ ಹೋದರೆ ಸಿಗುವ ಊರು. ಒಂದು ರಣಜಿ ಪಂದ್ಯವನ್ನೂ ಆಡದಿದ್ದ ಈ ಹುಡುಗ 1960ರ ಜನವರಿಯಲ್ಲಿ ಬೊಂಬಾಯಿಯಲ್ಲಿ ಆಸ್ಟ್ರೇಲಿಯದ ವಿರುದ್ಧ ನೇರವಾಗಿ ಟೆಸ್ಟಿಗೆ ಇಳಿದ. ಮುಂದಿನ ಮದ್ರಾಸ್ ಟೆಸ್ಟಿನಲ್ಲಿ 71 ರನ್ನು ಹೊಡೆದ. 1964ರ ಜನವರಿಯಲ್ಲಿ ಅದೇ ಮದ್ರಾಸಿನಲ್ಲಿ ಇಂಗ್ಲೆಂಡಿನ ವಿರುದ್ಧ ಆರಂಭದ ದಾಂಡಿಗನಾಗಿ 192 ರನ್ನು ಬಾರಿಸಿದ. ಅದರಲ್ಲಿ 170 ಮೊದಲ ದಿನವೇ ಬಂದದ್ದು. ದಿಲ್ಲಿಯಲ್ಲಿ ಮತ್ತೊಂದು ಶತಕ. ಆ ಸರಣಿಯಲ್ಲಿ ಒಟ್ಟು 525 ರನ್ನು. ದಾಂಡೇ ಮೊದಲು ಎಂಬ ಮತದವರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಅದೇ ವರ್ಷ ಅಕ್ಟೋಬರಿನಲ್ಲಿ ಆಸ್ಟ್ರೇಲಿಯ ತಂಡ ಬಂದಾಗ ಮೂರು ಟೆಸ್ಟುಗಳಲ್ಲೂ ಭಾರತದ ಕೈಗವಸು ತೊಟ್ಟವರು ಇಂದ್ರಜಿತ್‌ಸಿಂಹಜಿ. ಆಮೇಲೆ ಎಂಜಿನಿಯರ್ ಬಂದರು. ಕುಂದರನ್ ಒಮ್ಮೆ ಕೀಪರಾಗಿ, ಒಮ್ಮೆ ಬರಿಯ ದಾಂಡಿಗನಾಗಿ, 1967ರ ಎಜ್‌ಬಾಸ್ಟನ್ ಟೆಸ್ಟಿನಲ್ಲಿ ಹೊಸ ಚೆಂಡನ್ನು ಎಸೆಯುವ ಬೌಲರಾಗಿಯೂ ಕಾಣಿಸಿಕೊಂಡು, 18 ಟೆಸ್ಟುಗಳಲ್ಲಿ 32ಕ್ಕೂ ಮಿಕ್ಕಿದ ಸರಾಸರಿಯಲ್ಲಿ 981 ರನ್ನು ಗಳಿಸಿ, ಆಟದಿಂದ ಮರೆಯಾದರು. ಸ್ಕಾಟ್ಲೆಂಡಿನಲ್ಲಿ ನೆಲೆಸಿ 2006ರಲ್ಲಿ ಗ್ಲಾಸ್ಗೋದಲ್ಲಿ ತೀರಿಕೊಂಡರು.

ಊರಿನ ಅಭಿಮಾನ ನನ್ನನ್ನು ಕುಂದರನರ ಕಡೆಗೆ ಎಳೆಯುತ್ತದೆ. ಟೆಸ್ಟಿನ ಸರಾಸರಿಯಲ್ಲಿ ಅವರು 31ರ ಎಂಜಿನಿಯರರಿಗೂ 27ರ ಕಿರ್ಮಾನಿಯವರಿಗೂ ಮೇಲೆ. ಬರಿಯ ದಾಂಡಿನಿಂದ ಅಳೆಯುವುದಾದರೆ ಮುಲ್ಕಿಯವರನ್ನು ಬೆಂಗಳೂರಿನವರಿಗಿಂತ ಮೇಲೆ ಕೂರಿಸಬಹುದು, ಕೂರಿಸಿ ಸಂತೋಷಪಡಲೂಬಹುದು. ಆದರೆ ಕುಂದರನರ ಕೈಗವಸಿನ ಲೆಕ್ಕ 23 ಕ್ಯಾಚು, 7 ಸ್ಟಂಪಿಂಗು. ಅವರು ದಾಂಡಿಗರಾಗಿ ಪಡೆದ ಅವಕಾಶಗಳೇ ಕಡಮೆ, ಕೀಪರಾಗಿ ಪಡೆದವು ಇನ್ನೂ ಕಡಮೆ. ದೊಡ್ಡ ದಾಂಡಿಗರಾಗಬಹುದಾಗಿದ್ದ ಒಬ್ಬರನ್ನು ನಾವು ಕೀಪರೋ ದಾಂಡಿಗರೋ ಎಂದು ತೀರ್ಮಾನಿಸಲಾರದೆ ಕಳೆದುಕೊಂಡೆವು ಎಂಬುದು ನನ್ನ ವಿಷಾದ. ಆ ವಿಷಾದವನ್ನು ಶ್ರೇಣಿಯನ್ನಾಗಿ ಮಾರ್ಪಡಿಸುವುದು ಮಾತ್ರ ನ್ಯಾಯವಲ್ಲ.

ದಾಂಡಿನ ಪಕ್ಷದವರ ವಾದವನ್ನೂ ನ್ಯಾಯವಾಗಿ ಕೇಳಬೇಕು. ಹೊಡೆದ ರನ್ನೂ ರನ್ನೇ, ಉಳಿಸಿದ ರನ್ನೂ ರನ್ನೇ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿರಿ ಎಂಬುದು ಅವರ ಮಾತು. ತೂಗೋಣ. ಆಡಂ ಗಿಲ್‌ಕ್ರಿಸ್ಟ್ 96 ಟೆಸ್ಟುಗಳಲ್ಲಿ 47.60ರ ಸರಾಸರಿಯಲ್ಲಿ 5570 ರನ್ನು ಹೊಡೆದರು. ಕಿರ್ಮಾನಿಯವರಿಗಿಂತ ಇನ್ನಿಂಗ್ಸಿಗೆ ಇಪ್ಪತ್ತು, ಪಂದ್ಯಕ್ಕೆ ನಲವತ್ತು ರನ್ನು ಹೆಚ್ಚು. ಒಳ್ಳೆಯ ದಾಂಡಿಗನೊಬ್ಬನಿಗೆ ಮರುಜೀವ ಕೊಟ್ಟರೆ ಅದರ ಬೆಲೆ ಮೂವತ್ತು ಮೂವತ್ತೈದು ರನ್ನು ಎಂದಿಟ್ಟುಕೊಂಡರೆ, ಕಿರ್ಮಾನಿ ಪ್ರತಿ ಪಂದ್ಯದಲ್ಲೂ ಗಿಲ್‌ಕ್ರಿಸ್ಟರಿಗಿಂತ ಒಂದಕ್ಕೂ ಹೆಚ್ಚು ಅವಕಾಶವನ್ನು ಅಧಿಕವಾಗಿ ಹಿಡಿದಿರಬೇಕಾಗುತ್ತದೆ. ಅಷ್ಟು ಅಂತರ ಅವರಿಬ್ಬರಲ್ಲಿ ಇತ್ತೆಂದು ನಾನು ವಾದಿಸಲಾರೆ. ಗಿಲ್‌ಕ್ರಿಸ್ಟರಾದರೂ ವರ್ಷಗಟ್ಟಲೆ ಶೇನ್ ವಾರ್ನರ ಚೆಂಡಿಗೆ ಗೂಟವೊತ್ತಿ ನಿಂತವರು. ಅವರನ್ನು ಕೈಗವಸು ತೊಟ್ಟ ದಾಂಡಿಗ ಎಂದಷ್ಟೇ ಹೇಳುವುದು ತಪ್ಪು. ಹಾಗೆಯೇ ಇಂಗ್ಲೆಂಡಿನ ಲೆಸ್ ಏಮ್ಸ್. ಟೆಸ್ಟಿನಲ್ಲಿ ಎಂಟು ಶತಕ ಹೊಡೆದ ಅವರನ್ನು ದಾಂಡಿಗ ಕೀಪರುಗಳ ಮೂಲಪುರುಷರೆಂದು ಕರೆಯುತ್ತಾರೆ. ಪ್ರಥಮ ದರ್ಜೆಯ ಕ್ರಿಕೆಟ್ಟಿನಲ್ಲಿ ಎಲ್ಲರಿಗಿಂತ ಹೆಚ್ಚು, ಎಂದರೆ 418, ಸ್ಟಂಪಿಂಗು ಮಾಡಿದವರೂ ಅವರೇ ಎಂಬುದನ್ನು ಮರೆಯುತ್ತಾರೆ. ಆದ್ದರಿಂದ ದಾಂಡು ಬಲ್ಲವನಿಗೆ ಕೈಗವಸು ಒಲಿಯದು ಎಂಬ ವಾದ ನನ್ನದಲ್ಲ.

ನನ್ನ ವಾದ ಬೇರೆ. ತಂಡವನ್ನು ಆರಿಸುವುದು ಒಂದು ಕೆಲಸ, ಕಲೆಯನ್ನು ಶ್ರೇಣೀಕರಿಸುವುದು ಇನ್ನೊಂದು. 2003ರ ವಿಶ್ವಕಪ್ಪಿನಲ್ಲಿ ಇನ್ನೊಬ್ಬ ದಾಂಡಿಗನಿಗೆ ಎಡೆ ಮಾಡಿಕೊಡಲು ರಾಹುಲ್ ದ್ರಾವಿಡ್ ಕೈಗವಸು ತೊಟ್ಟರು, ಭಾರತ ಫೈನಲ್ ತಲುಪಿತು. 2023ರಲ್ಲಿ ನಮ್ಮ ಕರಾವಳಿಯಲ್ಲೇ ಬೆಳೆದ ಕೆ.ಎಲ್. ರಾಹುಲ್ ಅದೇ ಕೆಲಸ ಮಾಡಿ, 452 ರನ್ನನ್ನೂ ಗಳಿಸಿದರು, ತಂಡ ಮತ್ತೆ ಫೈನಲ್ ತಲುಪಿತು. ಇವು ವಿವೇಕದ ಆಯ್ಕೆಗಳು. ಆ ಇಬ್ಬರ ತ್ಯಾಗವೂ ದೊಡ್ಡದು. ಹಾಗೆಂದು ಅವರು ಶ್ರೇಷ್ಠ ವಿಕೆಟ್‌ಕೀಪರುಗಳ ಪಟ್ಟಿಗೆ ಸೇರುವರೆಂದು ಅವರೇ ಒಪ್ಪಲಾರರು. ತಂಡಕ್ಕೆ ಇಂದು ಯಾರು ಬೇಕು ಎಂಬುದು ಅಗತ್ಯದ ಪ್ರಶ್ನೆ. ಈ ಕಲೆಯನ್ನು ಯಾರು ಎಷ್ಟು ಎತ್ತರಕ್ಕೆ ಒಯ್ದರು ಎಂಬುದು ಮೌಲ್ಯದ ಪ್ರಶ್ನೆ. ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೆ ಬರೆದರೆ ಅಂಕ ಸಿಗದು.

ನಮ್ಮ ಅಲಂಕಾರಶಾಸ್ತ್ರದವರು ಒಂದು ಕೃತಿಯಲ್ಲಿ ಹಲವು ರಸಗಳು ಬಂದರೂ ಒಂದು ಅಂಗಿಯಾಗಿರಬೇಕು, ಉಳಿದವು ಅಂಗವಾಗಿರಬೇಕು ಎಂದರು. ಅಂಗರಸ ಎಷ್ಟೇ ಸೊಗಸಾಗಿದ್ದರೂ ಅಂಗಿರಸವನ್ನು ಪೋಷಿಸಬೇಕೇ ಹೊರತು ಅದರ ಪೀಠವನ್ನು ಏರಬಾರದು. ವಿಕೆಟ್‌ಕೀಪರನಲ್ಲಿ ಕೈಗವಸು ಅಂಗಿ, ದಾಂಡು ಅಂಗ. ಯಕ್ಷಗಾನ ನೋಡಿ ಬೆಳೆದ ನಮ್ಮ ಕಡೆಯವರಿಗೆ ಇದನ್ನು ಶಾಸ್ತ್ರದ ನೆರವಿಲ್ಲದೆಯೂ ಹೇಳಬಹುದು. ಹಿರಿಯಡಕ ಗೋಪಾಲ ರಾಯರು ಮದ್ದಳೆ ಮುಂದಿಟ್ಟು ಕುಳಿತಾಗ, ಇವರಿಗೆ ಕುಣಿತ ಎಷ್ಟು ಬರುತ್ತದೆ ಎಂದು ಯಾರೂ ಕೇಳಲಿಲ್ಲ.

ಅಂಗವಾಗಿಯೂ ದಾಂಡನ್ನು ಸರಾಸರಿಯಿಂದ ಅಳೆಯಬಾರದು, ಬಂದ ಹೊತ್ತಿನಿಂದ ಅಳೆಯಬೇಕು. 1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸಿನಲ್ಲಿ ಜಿಂಬಾಬ್ವೆಯ ವಿರುದ್ಧ ಎಂಟು ವಿಕೆಟು ಬಿದ್ದು 140 ಆಗಿದ್ದಾಗ ಕಿರ್ಮಾನಿ ಕಪಿಲ್ ದೇವರ ಜೊತೆಗೂಡಿದರು. ಮುರಿಯದ ಆ ಒಂಬತ್ತನೆಯ ಜೊತೆಯಾಟದಲ್ಲಿ 126 ರನ್ನು ಬಂತು. ಕಪಿಲರ 175ನ್ನು ಜಗತ್ತು ನೆನೆಯುತ್ತದೆ. ಕಿರ್ಮಾನಿಯವರ 24 ಇಲ್ಲದಿದ್ದರೆ ಆ 175 ಇಲ್ಲ. ಅದೇ ವಿಶ್ವಕಪ್ಪಿನ ಶ್ರೇಷ್ಠ ವಿಕೆಟ್‌ಕೀಪರ್ ಎಂಬ ಗೌರವವೂ ಅವರಿಗೇ ಸಂದಿತು.

ಇನ್ನೊಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ಇಂಗ್ಲೆಂಡಿನ ಬಾಬ್ ಟೇಲರ್ ಶುದ್ಧ ಕೈಗವಸಿನ ಕಲಾವಿದ. ಅಲನ್ ನಾಟ್ ಅಷ್ಟೇ ಒಳ್ಳೆಯ ಕೀಪರಾಗಿದ್ದು ಇನ್ನೂ ಒಳ್ಳೆಯ ದಾಂಡಿಗರೂ ಆಗಿದ್ದುದರಿಂದ, 1977ರಲ್ಲಿ ನಾಟ್ ಪ್ಯಾಕರ್ ಕ್ರಿಕೆಟ್ಟಿಗೆ ಹೋಗುವ ತನಕ ಟೇಲರ್ ಹೊರಗೇ ಕಾಯಬೇಕಾಯಿತು. 1980ರ ಫೆಬ್ರವರಿಯಲ್ಲಿ ಬೊಂಬಾಯಿಯಲ್ಲಿ ನಡೆದ ಸುವರ್ಣ ಮಹೋತ್ಸವದ ಟೆಸ್ಟಿನಲ್ಲಿ ಅವರು ಹತ್ತು ಕ್ಯಾಚು ಹಿಡಿದರು. ಅಂದಿಗೆ ಅದು ವಿಶ್ವದಾಖಲೆ. ಇಂಗ್ಲೆಂಡ್ ಐದು ವಿಕೆಟಿಗೆ 58 ಆಗಿದ್ದಾಗ ಅದೇ ಟೇಲರ್ ಬೋಥಂ ಜೊತೆ ನಿಂತರು. ಗೂಟದ ಹಿಂದಿನ ಕ್ಯಾಚಿಗೆ ಅಂಪೈರರು ಅವರನ್ನು ಔಟೆಂದರು. ಸ್ಲಿಪ್ಪಿನಲ್ಲಿದ್ದ ಭಾರತದ ನಾಯಕ, ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್, ಚೆಂಡು ದಾಂಡಿಗೆ ತಾಗಿಲ್ಲವೆಂದು ಕಂಡು ಅವರನ್ನು ಮರಳಿ ಕರೆದರು. ಜೊತೆಯಾಟ 171 ರನ್ನಿಗೆ ಬೆಳೆಯಿತು, ಭಾರತ ಹತ್ತು ವಿಕೆಟುಗಳಿಂದ ಸೋತಿತು. ಟೇಲರ್ ಹೊಡೆದದ್ದು 43. ಟೆಸ್ಟಿನಲ್ಲಿ ಹದಿನಾರರ ಸರಾಸರಿಯ ದಾಂಡು ಬೇಕಾದ ಹೊತ್ತಿಗೆ ಒದಗಿತು. ಆದರೆ ಅವರು ಆ ಮೈದಾನದಲ್ಲಿ ನೆನಪಾಗುವುದು ಆ ಹತ್ತು ಕ್ಯಾಚುಗಳಿಂದ. ವಿಶ್ವನಾಥರು ನೆನಪಾಗುವುದು ಯಾವ ಅಂಕಣದಲ್ಲೂ ದಾಖಲಾಗದ ಒಂದು ಕರೆಯಿಂದ. ಆಟದಲ್ಲಿ ಬೆಲೆಯುಳ್ಳದ್ದೆಲ್ಲ ಸ್ಕೋರು ಪುಸ್ತಕಕ್ಕೆ ಏರುವುದಿಲ್ಲ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನನ್ನದೇ ತಪ್ಪಿನಿಂದ. ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಾಲೇಜೊಂದರಲ್ಲಿ, ಕ್ರಿಕೆಟ್ ಬಲ್ಲವನೆಂಬ ಹೆಸರಿದ್ದುದರಿಂದ, ತಂಡವನ್ನು ಆರಿಸುವಾಗ ನನ್ನನ್ನೂ ಕೂರಿಸಿಕೊಂಡಿದ್ದರು. ಕೊಯ್ಲು ಮುಗಿದ ಗದ್ದೆಯಲ್ಲಿ ಆಡಿ ಕಲಿತ ಒಬ್ಬ ಹುಡುಗ ಗೂಟದ ಹಿಂದೆ ನಿಂತರೆ ಚೆಂಡು ಅವನ ಕೈಗೆ ಬಂದು ಮಲಗುತ್ತಿತ್ತು. ದಾಂಡು ಹಿಡಿದರೆ ಐದು ರನ್ನಿಗೆ ಔಟು. ಇನ್ನೊಬ್ಬ ಒಳ್ಳೆಯ ದಾಂಡಿಗ, ಕೀಪಿಂಗನ್ನೂ ಹೇಗೋ ಮಾಡಬಲ್ಲ. ನಾನು ಎರಡನೆಯವನ ಪರವಾಗಿ ಮತ ಕೊಟ್ಟೆ. ಮೊದಲನೆಯವನು ನನ್ನಲ್ಲಿಗೆ ಬಂದು, "ಸಾರ್, ಹಿಡೂಕೆ ಬತ್ತ್, ಹೊಡೂಕೆ ಬತ್ತಿಲ್ಲೆ. ಅದ್ಕೆ ಅಲ್ದಾ?" ಎಂದು ಕೇಳಿದ. ಅವನ ದನಿಯಲ್ಲಿ ದೂರು ಇರಲಿಲ್ಲ, ತಿಳಿದುಕೊಳ್ಳುವ ಇಚ್ಛೆ ಇತ್ತು. ಬ್ಯಾಟಿಂಗ್ ಅಭ್ಯಾಸ ಮಾಡು ಎಂದು ಉಪದೇಶಿಸಿ ಕಳುಹಿಸಿದೆ.

ನಾವು ಆರಿಸಿದವನು ರನ್ನು ಹೊಡೆದ. ನನ್ನ ಲೆಕ್ಕ ತಪ್ಪಲಿಲ್ಲ. ತಪ್ಪಿದ್ದು ಬೇರೆಲ್ಲೋ. ನಮ್ಮಲ್ಲಿ ಚೆಂಡನ್ನು ಗಾಳಿಯಲ್ಲಿ ತೇಲಿಬಿಟ್ಟು ದಾಂಡಿಗನನ್ನು ಮುಂದಕ್ಕೆ ಸೆಳೆಯುವ ಆಫ್‌ಸ್ಪಿನ್ ಬೌಲರನೊಬ್ಬನಿದ್ದ. ಮೂರನೆಯ ಪಂದ್ಯದ ಹೊತ್ತಿಗೆ ಅವನು ಚಪ್ಪಟೆಯಾಗಿ, ಜೋರಾಗಿ ಎಸೆಯತೊಡಗಿದ್ದ. ಏಕೆಂದು ಕೇಳಿದೆ. ದಾಂಡಿಗ ಮುಂದೆ ಬಂದು ತಪ್ಪಿದರೂ ಹಿಂದೆ ಹಿಡಿಯುವವರಿಲ್ಲ, ತೇಲಿಬಿಟ್ಟು ಏನು ಫಲ ಎಂದ. ತಪ್ಪಿದ ಸ್ಟಂಪಿಂಗಿಗೆ ಸ್ಕೋರು ಪುಸ್ತಕದಲ್ಲಿ ಅಂಕಣವಿಲ್ಲ. ಧೈರ್ಯಗುಂದಿ ಬೌಲರನು ಎಸೆಯದೆ ಉಳಿಸಿಕೊಂಡ ಒಳ್ಳೆಯ ಚೆಂಡಿಗಂತೂ ಯಾವ ಪುಸ್ತಕದಲ್ಲೂ ಅಂಕಣವಿಲ್ಲ. ಮೇಲೆ ನಾನು ಮಾಡಿದ ಮೂವತ್ತು ಮೂವತ್ತೈದು ರನ್ನುಗಳ ಲೆಕ್ಕದಲ್ಲಿ ಇರುವ ತೂತು ಇದೇ. ಒಳ್ಳೆಯ ಕೀಪರನು ಹಿಡಿದ ಕ್ಯಾಚುಗಳನ್ನಷ್ಟೇ ಕೊಡುವುದಿಲ್ಲ, ಬೌಲರನಿಗೆ ಅವನ ಅತ್ಯುತ್ತಮ ಚೆಂಡನ್ನೂ ಕೊಡುತ್ತಾನೆ. ಆ ಹುಡುಗನನ್ನು ಮರುವರ್ಷ ಕರೆಯಬೇಕೆಂದುಕೊಂಡೆ. ಆ ಹೊತ್ತಿಗೆ ಅವನು ಆಡುವುದನ್ನೇ ಬಿಟ್ಟಿದ್ದ.

ಇನ್ನು, ನಿನ್ನ ಪಟ್ಟಿ ಯಾವುದು ಎಂದು ವಾಚಕರು ಕೇಳುವುದು ನ್ಯಾಯ. ನಾನು ಮೂರು ಪ್ರಶ್ನೆಗಳನ್ನು ಈ ಕ್ರಮದಲ್ಲೇ ಕೇಳುತ್ತೇನೆ. ಅವನು ಎಂತಹ ಬೌಲರುಗಳಿಗೆ, ಎಂತಹ ನೆಲದ ಮೇಲೆ ಕೀಪಿಂಗ್ ಮಾಡಿದ? ಅವನನ್ನು ನಂಬಿ ಬೌಲರುಗಳು ಏನನ್ನು ಸಾಧಿಸಿದರು? ಅವನ ದಾಂಡು ಬೇಕಾದಾಗ ಒದಗಿತೆ? ಮೂರಕ್ಕೂ ತುಂಬು ಉತ್ತರ ಕೊಡುವವರು ಅಲನ್ ನಾಟ್. 95 ಟೆಸ್ಟುಗಳಲ್ಲಿ 269 ಬಲಿ, ಐದು ಶತಕ. ಅವರಿಗೆ ಮೊದಲ ಸ್ಥಾನ. ಮೊದಲ ಎರಡು ಪ್ರಶ್ನೆಗಳಲ್ಲಿ ನಾಟ್‌ಗೆ ಸಮನಾಗಿ ನಿಲ್ಲುವ ಕಿರ್ಮಾನಿಯವರಿಗೆ ಎರಡನೆಯದು. ಮೂರನೆಯ ಪ್ರಶ್ನೆಯಲ್ಲಿ ಎಲ್ಲರನ್ನೂ ಮೀರಿಸುವ ಗಿಲ್‌ಕ್ರಿಸ್ಟರಿಗೆ ಮೂರನೆಯದು. ಧೋನಿಯವರ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. 90 ಟೆಸ್ಟುಗಳಲ್ಲಿ ಅವರ ಸ್ಟಂಪಿಂಗುಗಳೂ ಕಿರ್ಮಾನಿಯವರಷ್ಟೇ, ಸರಿಯಾಗಿ 38. ದಾಂಡಿನ ಸರಾಸರಿ ಹನ್ನೊಂದು ರನ್ನು ಮೇಲೆ. ಒಂದು ದಿನದ ಆಟದಲ್ಲಿ 123 ಸ್ಟಂಪಿಂಗು ಮಾಡಿದ ಆ ಮಿಂಚಿನ ಕೈಗೆ ಅಲ್ಲಿ ನಾನು ಮೊದಲ ಸ್ಥಾನವನ್ನೇ ಕೊಡುತ್ತೇನೆ. ಟೆಸ್ಟಿನ ಪಟ್ಟಿಯಲ್ಲಿ ಅವರನ್ನು ಕಿರ್ಮಾನಿಯವರಿಗಿಂತ ಮೇಲಿಡಬೇಕೆನ್ನುವವರೊಡನೆ ಜಗಳವಾಡಲಾರೆ; ಆದರೆ ಚಂದ್ರಶೇಖರರ ಗೂಗ್ಲಿಯನ್ನು ಅವರು ಹಿಡಿಯಬೇಕಾಗಿ ಬರಲಿಲ್ಲ ಎಂಬುದನ್ನು ಮರೆಯಬೇಡಿ ಎನ್ನುತ್ತೇನೆ. ಮುಲ್ಕಿಯ ಕುಂದರನರನ್ನು ಈ ಪಟ್ಟಿಯಿಂದ ಹೊರಗಿಟ್ಟು, ನಮ್ಮ ಕಡಲತಡಿ ಕಂಡ ದೊಡ್ಡ ದಾಂಡಿಗರ ಪಟ್ಟಿಯಲ್ಲಿ ಮೊದಲಿಗೆ ಬರೆಯುತ್ತೇನೆ. ಅದು ಅವಮಾನವಲ್ಲ, ಅವರ ನಿಜವಾದ ಮನೆಗೆ ಅವರನ್ನು ಕಳುಹಿಸಿದಂತೆ.

ಪಟ್ಟಿ ಮಾಡುವುದು ಕಾಫಿ ಕುಡಿಯುವ ಹೊತ್ತಿನ ಆಟವಲ್ಲವೇ, ಅದಕ್ಕೇಕೆ ಇಷ್ಟು ಗಾಂಭೀರ್ಯ ಎನ್ನಬಹುದು. ಊರಿನ ಮಕ್ಕಳು ಆಟ ಕಲಿಯುವುದು ಇಂತಹ ಪಟ್ಟಿಗಳಿಂದಲೇ. ಯಾವುದಕ್ಕೆ ಹೆಸರು ಸಿಗುತ್ತದೋ ಅದನ್ನು ಅಭ್ಯಾಸ ಮಾಡುತ್ತಾರೆ, ಸಿಗದ್ದನ್ನು ಬಿಡುತ್ತಾರೆ. ಮೊನ್ನೆ ಸಂಜೆ ಮನೆಗೆ ಮರಳುವಾಗ ತೆಕ್ಕಟ್ಟೆಯ ಗದ್ದೆಯೊಂದರಲ್ಲಿ ಹುಡುಗರು ಟೆನಿಸ್ ಚೆಂಡಿನಲ್ಲಿ ಆಡುತ್ತಿದ್ದರು. ಗೂಟದ ಹಿಂದೆ ಬರಿಗೈಯಲ್ಲಿ ಒಬ್ಬ ಸಣ್ಣವನಿದ್ದ. ನಿಂತು ನೋಡಿದೆ. ಒಂದು ಚೆಂಡು ದಾಂಡನ್ನು ತಪ್ಪಿಸಿ, ನೆಲದ ಹೆಂಟೆಗೆ ತಾಗಿ, ವಕ್ರವಾಗಿ ಎದ್ದಿತು. ಅವನು ಚೆಂಡಿನ ಜೊತೆಯಲ್ಲೇ ಎದ್ದು ಅದನ್ನು ಹಿಡಿದು ಬೌಲರನಿಗೆ ಎಸೆದ. ಯಾರೂ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಬ್ಯಾಟಿಂಗ್ ಸರದಿ ಬಂತು, ಎರಡನೆಯ ಚೆಂಡಿಗೆ ಔಟಾದ, ಎಲ್ಲರೂ ನಕ್ಕರು. ನಾನು ಅವನನ್ನು ಕರೆದು, "ಮರಿ, ಆಗ ಒಂದು ಚೆಂಡು ಹಿಡಿದಿಯಲ್ಲ, ಬಹಳ ಚೆನ್ನಾಗಿತ್ತು" ಎಂದೆ. ಯಾವ ಚೆಂಡೆಂದು ಅವನಿಗೇ ನೆನಪಿರಲಿಲ್ಲ.